ಬೋಲ್ಟ್ ರೈಫಲಿಗೆ ಎದೆಪಟ್ಟಿ ಹಾಕುವ ಕ್ರಮ: ಬಂದೂಕು ಮಗುಚದ ಹಾಗೆ, ಮರ ಸೀಳದ ಹಾಗೆ

ಪಟ್ಟಿ ಹೊಸದು, ಕೊಂಡಿ ಗಟ್ಟಿ, ಹೊಲಿಗೆಯಲ್ಲೂ ತಪ್ಪಿಲ್ಲ. ಆದರೂ ಬಂದೂಕನ್ನು ಎದೆಯ ಮೇಲೆ ಅಡ್ಡ ಹಾಕಿಕೊಂಡು ಹತ್ತು ಹೆಜ್ಜೆ ಇಡುವಷ್ಟರಲ್ಲಿ ಸ್ಕೋಪು (ಗುರಿ ನೋಡುವ ದುರ್ಬೀನು) ಕೆಳಮುಖವಾಗಿ ಮಗುಚುತ್ತದೆ, ಬೋಲ್ಟಿನ (ತೋಟಾ ಒಳಕ್ಕೆ ತಳ್ಳಲು ಕೈಯಿಂದ ಹಿಂದೆ ಮುಂದೆ ಎಳೆಯುವ ಕಬ್ಬಿಣದ ಭಾಗ) ಹಿಡಿ ಹೊಟ್ಟೆಗೆ ಚುಚ್ಚುತ್ತದೆ, ನಳಿಗೆ ಎಡ ಮೊಣಕಾಲಿಗೆ ಬಡಿಯುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಲೈಸೆನ್ಸ್ ಬಂದೂಕು ಇಟ್ಟುಕೊಂಡ ರೈತರು, ಸೈನ್ಯದಿಂದ ನಿವೃತ್ತರಾಗಿ ಕಾವಲು ಕೆಲಸಕ್ಕೆ ಸೇರಿದವರು, ಗುರಿ ಅಭ್ಯಾಸದ ರೇಂಜಿಗೆ ಹೋಗುವ ಹುಡುಗರು ಎಲ್ಲರೂ ಎಡವುವುದು ಇಲ್ಲೇ. ಪಟ್ಟಿ ಬದಲಾಯಿಸುತ್ತಾರೆ, ಇನ್ನೂ ದುಬಾರಿ ಪಟ್ಟಿ ತರಿಸುತ್ತಾರೆ, ಬಂದೂಕು ಮಗುಚುವುದು ಮಾತ್ರ ನಿಲ್ಲುವುದಿಲ್ಲ.

ತಪ್ಪು ಪಟ್ಟಿಯದಲ್ಲ. ಪಟ್ಟಿಯನ್ನು ಬಂದೂಕಿಗೆ ಎಲ್ಲಿ ಕಟ್ಟಿದ್ದೀರಿ ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಆ ಜಾಗವನ್ನು ಡ್ರಿಲ್ ಹಿಡಿದು ಹುಡುಕಬಾರದು, ಹಗ್ಗ ಹಿಡಿದು ಹುಡುಕಬೇಕು.

ಮಗುಚುವುದು ಏಕೆ

ಸಾಮಾನ್ಯ ಬೋಲ್ಟ್ ರೈಫಲಿಗೆ ಕಾರ್ಖಾನೆಯಿಂದಲೇ ಎರಡು ಕೊಂಡಿಗಳು ಬರುತ್ತವೆ. ಒಂದು ಮುಂದಿನ ಮರದ ಅಡಿಯಲ್ಲಿ, ಇನ್ನೊಂದು ಬಟ್ಟಿನ (ಭುಜಕ್ಕೆ ಒರಗುವ ಹಿಂದಿನ ಮರ) ಅಡಿಯಲ್ಲಿ. ಅವು ಬಂದೂಕನ್ನು ಹೆಗಲಿಗೆ ಅಥವಾ ಬೆನ್ನಿಗೆ ನೇತುಹಾಕಲು ಮಾಡಿದವು. ಬೆನ್ನಿಗೆ ಹಾಕಿದಾಗ ಬಂದೂಕು ಮೈಗೆ ಒರಗಿ ನಿಲ್ಲುವುದರಿಂದ ತೊಂದರೆ ಕಾಣುವುದಿಲ್ಲ.

ಎದೆಗೆ ಹಾಕಿದಾಗ ಲೆಕ್ಕ ಬೇರೆ. ಬಂದೂಕಿನ ಭಾರದಲ್ಲಿ ಹೆಚ್ಚಿನ ಪಾಲು ಮೇಲಿರುತ್ತದೆ: ನಳಿಗೆ, ಬೋಲ್ಟ್, ಅದರ ಮೇಲೆ ಅರ್ಧ ಕೆ.ಜಿ.ಯಷ್ಟು ತೂಗುವ ಸ್ಕೋಪು. ಅಡಿಯ ಎರಡು ಕೊಂಡಿಗಳನ್ನು ಹಿಡಿದು ತೂಗುಹಾಕಿದರೆ ಭಾರ ಮೇಲೆ, ಹಿಡಿತ ಕೆಳಗೆ. ತಲೆಯ ಮೇಲೆ ಬಿಂದಿಗೆ ಹೊತ್ತು ಒಂದು ಕಾಲಿನ ಮೇಲೆ ನಿಂತ ಹಾಗೆ. ಚೂರು ಅಲುಗಿದರೂ ಮೇಲಿನ ಭಾಗ ಹೊರಕ್ಕೆ ವಾಲಿ ಕೆಳಗಾಗುತ್ತದೆ, ಬಲಬದಿಯಲ್ಲಿದ್ದ ಬೋಲ್ಟಿನ ಹಿಡಿ ಒಳಕ್ಕೆ ತಿರುಗಿ ಹೊಟ್ಟೆಗೆ ನಾಟುತ್ತದೆ.

ಬಲಗೈಯವರು ಎದೆಪಟ್ಟಿ ಹಾಕಿಕೊಳ್ಳುವುದು ಹೀಗೆ: ಬಟ್ಟು ಬಲ ಭುಜದ ಕಡೆ ಮೇಲೆ, ನಳಿಗೆಯ ತುದಿ ಎಡ ಕಾಲಿನ ಕಡೆ ಕೆಳಗೆ. ಈ ಭಂಗಿಯಲ್ಲಿ ಬಂದೂಕಿನ ಎಡಬದಿ ಮೈ ಕಡೆಗೆ, ಬೋಲ್ಟಿರುವ ಬಲಬದಿ ಹೊರಗೆ ಇರುತ್ತದೆ. ಹಾಗಾಗಿ ಪಟ್ಟಿ ಎಡಬದಿಯಿಂದ ಹೊರಡಬೇಕು, ಅದೂ ಆದಷ್ಟು ಮೇಲಿನಿಂದ. ಎರಡೂ ಕೊಂಡಿಗಳನ್ನು ಮೇಲಕ್ಕೆ ತರಲಾಗದಿದ್ದರೆ ಹಿಂದಿನದನ್ನಾದರೂ ತರಲೇಬೇಕು.

ಎಡಗೈಯವರು ಇದನ್ನೆಲ್ಲ ತಿರುವುಮುರುವು ಮಾಡಿಕೊಳ್ಳಬೇಕು. ಒಂದು ಮಾತ್ರ ನೆನಪಿರಲಿ: ಬಲಬದಿ ಬೋಲ್ಟಿನ ಬಂದೂಕನ್ನು ಎಡಗೈಯವರು ಎದೆಗೆ ಹಾಕಿಕೊಂಡರೆ ಬೋಲ್ಟಿನ ಹಿಡಿ ಮೈ ಕಡೆಗೇ ಬರುತ್ತದೆ. ಅದಕ್ಕೆ ಪಟ್ಟಿಯಲ್ಲಿ ಪರಿಹಾರವಿಲ್ಲ. ಅವರಿಗೆ ಬೆನ್ನಪಟ್ಟಿಯೇ ವಾಸಿ.

ಕೆಲಸಕ್ಕೆ ಕೂರುವ ಮುನ್ನ ಮೂರು ಕಾನೂನು ಮಾತು

ಎದೆಪಟ್ಟಿ ಇರುವುದು ನಿಮ್ಮ ಹೊಲದಲ್ಲಿ, ಕಾವಲಿನ ಜಾಗದಲ್ಲಿ, ಅನುಮತಿ ಇರುವ ರೇಂಜಿನಲ್ಲಿ ಬಳಸಲು. 2016 ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಬಂದೂಕನ್ನು ಮುಚ್ಚಿಕೊಂಡೇ ಒಯ್ಯಬೇಕು. ಶಿರಾದಿಂದ ಮಧುಗಿರಿಗೆ ಬಸ್ಸಿನಲ್ಲೋ ಬೈಕಿನಲ್ಲೋ ಹೋಗುವಾಗ ಬಂದೂಕು ಕವರಿನೊಳಗೆ, ಪಟ್ಟಿ ಬಿಚ್ಚಿ ಅದರ ಜೊತೆಗೆ.

ಎರಡನೆಯದು, ಬಂದೂಕನ್ನು ಲೈಸೆನ್ಸ್ ಇಲ್ಲದವರ ಕೈಗೆ ಬಿಟ್ಟು ಬರುವಂತಿಲ್ಲ. ಬಡಗಿಯ ಅಂಗಡಿಯಲ್ಲಿ ಒಂದು ರಾತ್ರಿ ಇಟ್ಟು ಬರುವುದು ಕೂಡ ಅಪರಾಧವೇ. ಪಟ್ಟಿಯನ್ನು ಹೊಲಿಯುವವರ ಹತ್ತಿರ ಒಯ್ಯಿರಿ, ಬಂದೂಕನ್ನು ಒಯ್ಯಬೇಡಿ. ಬಂದೂಕು ದುರಸ್ತಿ ಮಾಡಲು 1959 ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬೇರೆಯೇ ಲೈಸೆನ್ಸ್ ಬೇಕು. ಆದ್ದರಿಂದ ನಳಿಗೆ, ಬೋಲ್ಟ್, ರಿಸೀವರ್ (ಬೋಲ್ಟ್ ಕೂರುವ ಕಬ್ಬಿಣದ ಮೈ) ಹೀಗೆ ಕಬ್ಬಿಣದ ಭಾಗವನ್ನೇ ಕೊರೆಯುವ, ಉಜ್ಜುವ, ತಿದ್ದುವ ಯಾವ ಕೆಲಸವಾದರೂ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಗೇ ಹೋಗಬೇಕು. ಇಲ್ಲಿ ಹೇಳುವುದೆಲ್ಲ ಮರ ಮತ್ತು ಪಟ್ಟಿಯ ಕೆಲಸ ಮಾತ್ರ.

ಮೂರನೆಯದು, ಬೇಟೆ 1972 ರ ವನ್ಯಜೀವಿ ಕಾಯ್ದೆಯಡಿ ನಿಷಿದ್ಧ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಸುತ್ತ ಕೃಷ್ಣಮೃಗಗಳು ಹೊಲಕ್ಕಿಳಿಯುತ್ತವೆ, ಬೇರೆಡೆ ಹಂದಿ ಕಡಲೆಕಾಯಿ ಅಗೆಯುತ್ತವೆ. ಬೆಳೆ ರಕ್ಷಣೆಯ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಅವುಗಳಿಗೆ ಗುಂಡು ಹಾರಿಸುವ ಅಧಿಕಾರ ಸಿಗುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆ ಬೇಕು.

ಬೇಕಾಗುವ ಸಾಮಾನು

ಪಟ್ಟಿಗೆ 32 ಮಿ.ಮೀ. ಅಗಲದ ಪಾಲಿಯೆಸ್ಟರ್ ಅಥವಾ ನೈಲಾನ್ ನೇಯ್ಗೆ, 2 ಮೀಟರ್. ಬ್ಯಾಗ್ ರಿಪೇರಿ ಅಂಗಡಿಗಳಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. 25 ಮಿ.ಮೀ. ಪಟ್ಟಿಯೂ ಭಾರ ತಡೆಯುತ್ತದೆ, ಆದರೆ ನಾಲ್ಕು ಕೆ.ಜಿ. ಬಂದೂಕು ಅರ್ಧ ಗಂಟೆ ನೇತಾಡಿದರೆ ಕತ್ತಿನ ಬುಡ ಕೊಯ್ದ ಹಾಗಾಗುತ್ತದೆ. ಕೊಳ್ಳುವಾಗ ಪಾಲಿಪ್ರೊಪಿಲೀನ್ ಪಟ್ಟಿಯನ್ನು ಗುರುತಿಸಿ ಬಿಡಿ: ಮುಟ್ಟಿದರೆ ಮೇಣದಂತೆ ಜಾರುತ್ತದೆ, ನೀರಿನಲ್ಲಿ ಹಾಕಿದರೆ ತೇಲುತ್ತದೆ. ಪಾವಗಡ, ಬಾಗೇಪಲ್ಲಿ ಕಡೆಯ ಬಿಸಿಲಿಗೆ ಅದು ಬೇಗ ಬಿರುಸಾಗಿ ನಾರು ನಾರಾಗುತ್ತದೆ, ಸ್ಲೈಡರಿನಲ್ಲೂ ನಿಲ್ಲದೆ ಜಾರುತ್ತದೆ. ಹತ್ತಿ ಪಟ್ಟಿ ಬೆವರಿಗೆ ಕೊಳೆಯುತ್ತದೆ. ನೈಲಾನ್ ನೆನೆದರೆ ಸ್ವಲ್ಪ ಹಿಗ್ಗುತ್ತದೆ, ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಎರಡೂ ಸಿಕ್ಕರೆ ಪಾಲಿಯೆಸ್ಟರನ್ನೇ ಆರಿಸಿ.

ಪಟ್ಟಿಯನ್ನು ಉದ್ದ ಗಿಡ್ಡ ಮಾಡುವ ಮೂರು ಕಡ್ಡಿಯ ಸ್ಲೈಡರ್ 2, ಅದರಲ್ಲಿ ಒಂದಾದರೂ ಕಬ್ಬಿಣದ್ದಿರಲಿ. ಕಳಚಿ ಹಾಕುವ ಸ್ವಿವೆಲ್ (ಪಟ್ಟಿಯನ್ನು ಬಂದೂಕಿನ ಕೊಂಡಿಗೆ ಸೇರಿಸುವ ಆಡುವ ಕೊಕ್ಕೆ) ಒಂದು ಜೊತೆ, ಪಟ್ಟಿಯ ಅಗಲಕ್ಕೆ ಸರಿಯಾಗಿ 32 ಮಿ.ಮೀ.ಯದು. ಕಡಿಮೆ ಅಗಲದ ಸ್ವಿವೆಲಿಗೆ ಅಗಲದ ಪಟ್ಟಿ ತುರುಕಿದರೆ ಅಂಚು ಮಡಚಿಕೊಂಡು ಅಲ್ಲೇ ಮೊದಲು ಸವೆಯುತ್ತದೆ. D ಆಕಾರದ ಬೆಸುಗೆ ಹಾಕಿದ ಉಂಗುರ 1 ಅಥವಾ 2. ಬೆಸುಗೆ ಇಲ್ಲದೆ ಬರೀ ಬಗ್ಗಿಸಿದ ಉಂಗುರ ಎಳೆತಕ್ಕೆ ಬಾಯಿ ಬಿಡುತ್ತದೆ.

ಬಟ್ಟಿಗೆ ಸುತ್ತಲು 40 ಮಿ.ಮೀ. ಅಗಲ, ಸುಮಾರು 40 ಸೆಂ.ಮೀ. ಉದ್ದದ ದಪ್ಪ ಚರ್ಮ. ಅಳೆಯಲು ಟೇಪು ಮತ್ತು ವರ್ನಿಯರ್. ಪರೀಕ್ಷೆಗೆ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿ. ಎಲ್ಲಕ್ಕಿಂತ ಮುಖ್ಯವಾಗಿ 3 ಮೀಟರ್ ನೂಲಿನ ಹಗ್ಗ. ಸ್ಟಡ್ (ಸ್ವಿವೆಲ್ ಸಿಕ್ಕಿಸಲು ತಲೆಯಲ್ಲಿ ತೂತಿರುವ ತಿರುಪು) ಹಾಕುವವರಿಗೆ ಮಾತ್ರ ಕೈ ಡ್ರಿಲ್ ಮತ್ತು ಬಿಟ್ಟುಗಳು.

ಒತ್ತಿದರೆ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಬೇಡ. ಶಾಲೆ ಬ್ಯಾಗಿನಲ್ಲಿ ಅದು ಬಿಚ್ಚಿದರೆ ಪುಸ್ತಕ ಬೀಳುತ್ತದೆ, ಇಲ್ಲಿ ಬಿಚ್ಚಿದರೆ ಬೀಳುವುದು ಬಂದೂಕು.

ಹಂತ 1: ಬಂದೂಕು ಖಾಲಿ ಮಾಡುವುದು

ಕ್ರಮ ತಪ್ಪಬೇಡಿ. ಮೊದಲು ಮ್ಯಾಗಜೀನ್ (ತೋಟಾ ತುಂಬುವ ಪೆಟ್ಟಿಗೆ) ತೆಗೆಯಿರಿ, ಆಮೇಲೆ ಬೋಲ್ಟ್ ಎಳೆಯಿರಿ. ಮೊದಲು ಬೋಲ್ಟ್ ಎಳೆದು ತಳ್ಳಿದರೆ ಮ್ಯಾಗಜೀನಿನ ಇನ್ನೊಂದು ತೋಟಾ ಚೇಂಬರಿಗೆ (ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡು) ಹೋಗಿರುತ್ತದೆ. ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ನಂತರ ಬೋಲ್ಟನ್ನು ಪೂರ್ತಿ ಹೊರತೆಗೆದು ಬೇರೆ ಕಡೆ ಇಡಿ. ತೋಟಾಗಳು ಆ ಕೋಣೆಯಲ್ಲೇ ಇರಬಾರದು. ಹಗ್ಗದ ಪರೀಕ್ಷೆಗೆ ಬೋಲ್ಟನ್ನು ಮತ್ತೆ ಹಾಕಬೇಕಾಗುತ್ತದೆ, ಅದರ ತೂಕವೂ ಲೆಕ್ಕಕ್ಕೆ ಬರುತ್ತದೆ. ಹಾಕುವ ಮುನ್ನ ಚೇಂಬರನ್ನು ಇನ್ನೊಮ್ಮೆ ನೋಡಿ.

ಹಂತ 2: ತೂಕದ ನಡು ಗುರುತಿಸುವುದು

ಸ್ಕೋಪು, ಖಾಲಿ ಮ್ಯಾಗಜೀನ್, ಬೋಲ್ಟ್ ಎಲ್ಲ ಹಾಕಿದ ಬಂದೂಕನ್ನು ಟವೆಲ್ ಸುತ್ತಿದ ಕೋಲಿನ ಮೇಲೆ ಅಡ್ಡ ಇಟ್ಟು ಹಿಂದೆ ಮುಂದೆ ಸರಿಸಿ. ಎರಡೂ ಕಡೆ ಬಾಗದೆ ನಿಂತ ಜಾಗಕ್ಕೆ ಕಾಗದದ ಟೇಪಿನಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ ಅದು ಮ್ಯಾಗಜೀನಿನ ಆಸುಪಾಸಿನಲ್ಲಿ, ಸ್ವಲ್ಪ ಮುಂದಕ್ಕೆ ಬರುತ್ತದೆ. ಮುಂದಿನ ಕೊಂಡಿ ಇದರ ಮುಂದೆ, ಹಿಂದಿನದು ಇದರ ಹಿಂದೆ ಇರಬೇಕು. ಮುಂದಿನ ಕೊಂಡಿ ಈ ಗುರುತಿಗೆ ತೀರ ಹತ್ತಿರ ಬಂದರೆ ನಳಿಗೆ ಜೋತುಬಿದ್ದು ಲೋಲಕದಂತೆ ಆಡುತ್ತದೆ. ಒಂದು ಗೇಣಿಗಿಂತ ಕಡಿಮೆ ಅಂತರ ಬೇಡ.

ಹಂತ 3: ಹಗ್ಗದಲ್ಲಿ ಕಟ್ಟಿ ನೋಡುವುದು

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಅರ್ಧ ಗಂಟೆ ಹಿಡಿಯುತ್ತದೆ, ಆದರೆ ತಪ್ಪು ಜಾಗದಲ್ಲಿ ಕೊರೆದ ತೂತನ್ನು ಮುಚ್ಚುವ ಕೆಲಸ ತಪ್ಪುತ್ತದೆ.

ಹಗ್ಗದ ಒಂದು ತುದಿಯನ್ನು ಬಟ್ಟಿನ ಕತ್ತಿನ ಹಿಂದೆ, ಅಂದರೆ ಕೈ ಹಿಡಿಯುವ ಸಣ್ಣ ಭಾಗ ಮುಗಿದು ಬಟ್ಟು ಅಗಲವಾಗಲು ಶುರುವಾಗುವ ಜಾಗದಲ್ಲಿ, ಒಂದು ಸುತ್ತು ಹಾಕಿ ಗಂಟನ್ನು ಎಡಬದಿಯ ಮೇಲಂಚಿಗೆ ತನ್ನಿ. ಇನ್ನೊಂದು ತುದಿಯನ್ನು ಮುಂದಿನ ಮರದ ಅಡಿಯ ಕೊಂಡಿಗೆ ಕಟ್ಟಿ, ಹಗ್ಗ ಎಡಬದಿಯಿಂದ ಮೇಲೇಳುವಂತೆ ಮಾಡಿ. ಈಗ ತಲೆ ಮತ್ತು ಎಡಗೈಯನ್ನು ಹಗ್ಗದೊಳಗೆ ತೂರಿಸಿ. ಮುಂದಿನಿಂದ ಹೊರಟ ಹಗ್ಗ ಎಡ ಕಂಕುಳ ಕೆಳಗೆ ಹೋಗಿ, ಬೆನ್ನು ದಾಟಿ, ಬಲ ಭುಜದ ಮೇಲಿಂದ ಇಳಿದು ಬಟ್ಟಿಗೆ ಸೇರಬೇಕು.

ಎರಡೂ ಕೈಯನ್ನು ಬಂದೂಕಿನ ಹತ್ತಿರವೇ ಇಟ್ಟುಕೊಂಡು ಹಿಡಿತ ಸಡಿಲಿಸಿ. ಕೆಳಗೆ ಹಾಸಿಗೆ ಹಾಸಿರಲಿ. ಬಂದೂಕು ಸ್ಕೋಪು ಮೇಲಾಗಿ ನಿಂತರೆ ಮುಂದಿನ ಕೊಂಡಿ ಅಡಿಯಲ್ಲೇ ಇರಬಹುದು, ನಿಮ್ಮ ಕೆಲಸ ಅರ್ಧಕ್ಕರ್ಧ ಮುಗಿಯಿತು. ವಾಲಿದರೆ ಹಿಂದಿನ ಗಂಟನ್ನು ಎರಡು ಬೆರಳಷ್ಟು ಹಿಂದೆ ಅಥವಾ ಮುಂದೆ ಸರಿಸಿ ನೋಡಿ. ಆದರೂ ವಾಲಿದರೆ ಮುಂದಿನ ಕೊಂಡಿಯನ್ನೂ ಎಡಬದಿಗೆ ತರಬೇಕು ಎಂದರ್ಥ. ದೊಡ್ಡ ಸ್ಕೋಪಿನ ಬಂದೂಕುಗಳು ಸಾಮಾನ್ಯವಾಗಿ ಇದನ್ನೇ ಕೇಳುತ್ತವೆ.

ಹಾಗೇ ಬಂದೂಕನ್ನು ಭುಜಕ್ಕೆ ಏರಿಸಿ ನೋಡಿ. ಹಿಂದಿನ ಗಂಟು ಬಟ್ಟಿನ ತುದಿಗೆ ಹತ್ತಿರವಿದ್ದರೆ ಹಗ್ಗ ಭುಜದ ಮೇಲೆ ಸಿಕ್ಕಿಕೊಂಡು ಬಟ್ಟು ಭುಜದ ಕುಳಿಗೆ ಕೂರುವುದಿಲ್ಲ. ಕತ್ತಿನ ಹತ್ತಿರ ತಂದಷ್ಟೂ ಏರಿಸುವುದು ಸಲೀಸು. ತೀರ ಮುಂದೆ ತಂದರೆ ಗಂಟು ಹೆಬ್ಬೆರಳಿಗೆ ಅಡ್ಡ ಬರುತ್ತದೆ, ಬೋಲ್ಟನ್ನು ಪೂರ್ತಿ ಎಳೆಯುವಾಗಲೂ ತಡೆಯುತ್ತದೆ. ಬೋಲ್ಟನ್ನು ಐದಾರು ಸಲ ಹಿಂದೆ ಮುಂದೆ ಆಡಿಸಿ, ಯಾವುದಕ್ಕೂ ತಗುಲದ ಜಾಗಕ್ಕೆ ಟೇಪು ಅಂಟಿಸಿ. ಮೈಮೇಲಿದ್ದ ಹಗ್ಗವನ್ನು ಬಿಚ್ಚದೆ ಗಂಟಿನಿಂದ ಗಂಟಿಗೆ ಅಳೆಯಿರಿ, ಅದೇ ನಿಮ್ಮ ಪಟ್ಟಿಯ ಉದ್ದ.

ಹಂತ 4: ಹಿಂದಿನ ಕೊಂಡಿ, ತೂತು ಕೊರೆಯದೆ

ಹಿಂದಿನದಕ್ಕೆ ನಮ್ಮ ಸಲಹೆ ಚರ್ಮದ ತೋಳು. ಚರ್ಮದ ಒರಟು ಬದಿ ಮರಕ್ಕೆ ತಗಲುವಂತೆ ಬಟ್ಟಿಗೆ ಸುತ್ತಿ, ಟೇಪು ಅಂಟಿಸಿದ ಜಾಗದಲ್ಲಿ D ಉಂಗುರ ಬರುವಂತೆ ಗುರುತು ಮಾಡಿ. ಉಂಗುರವನ್ನು ಹಿಡಿಯುವ ಚರ್ಮದ ತುಂಡನ್ನು ತೋಳಿಗೆ ಹೊಲಿಸಿ, ರಿವೆಟ್ ಒಂದನ್ನೇ ನಂಬಬೇಡಿ. ತೋಳನ್ನು ಬಿಗಿಯಲು ಅಡಿಯಲ್ಲಿ ಎರಡು ಸಾಲು ತೂತು ಹಾಕಿಸಿ ಚರ್ಮದ ಲಾಡಿಯನ್ನು ಷೂ ಲೇಸಿನ ಹಾಗೆ ಕೋದು ಎಳೆಯಿರಿ. ಎರಡು ಅಂಚುಗಳ ನಡುವೆ ಒಂದು ಬೆರಳಿನಷ್ಟು ಸಂದು ಉಳಿದಿರಬೇಕು. ಮೊದಲ ದಿನವೇ ಅಂಚುಗಳು ಕೂಡಿಬಿಟ್ಟರೆ ಚರ್ಮ ಹಿಗ್ಗಿದ ಮೇಲೆ ಬಿಗಿಯಲು ಜಾಗವಿರುವುದಿಲ್ಲ.

ಬಟ್ಟು ಕತ್ತಿನ ಕಡೆಗೆ ಸಣ್ಣದಾಗುವುದರಿಂದ ತೋಳು ಮುಂದಕ್ಕೆ ಜಾರುತ್ತದೆ. ಒಳಗೆ ಸೈಕಲ್ ಟ್ಯೂಬಿನ ಒಂದು ತುಂಡು ಇಟ್ಟರೆ ನಿಲ್ಲುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ತೋಳು ತೆಗೆದು ಮರ ಒರೆಸಿ, ಒಳಗೆ ನಿಂತ ತೇವಕ್ಕೆ ಮರದ ಬಣ್ಣ ಕಪ್ಪಾಗುತ್ತದೆ.

ಪಶ್ಚಿಮ ಬಂಗಾಳದ ಇಚ್ಛಾಪುರ ರೈಫಲ್ ಕಾರ್ಖಾನೆಯ .315 ಬೋರಿನ ರೈಫಲಿನಂಥ, ಲೀ ಎನ್‌ಫೀಲ್ಡ್ ಮಾದರಿಯ ಬಂದೂಕು ಇರುವವರು ಈ ಹಂತವನ್ನು ಎರಡು ಸಲ ಓದಿ. ಈ ಮಾದರಿಯಲ್ಲಿ ಮರ ಎರಡು ತುಂಡು. ಹಿಂದಿನ ಬಟ್ಟನ್ನು ಒಂದು ಉದ್ದ ಬೋಲ್ಟು (ತಿರುಪಿನ ಬಗೆಯದು, ತೋಟಾ ತಳ್ಳುವ ಬೋಲ್ಟಲ್ಲ) ಒಳಗಿನಿಂದ ಬಿಗಿದಿರುತ್ತದೆ, ಅದಕ್ಕಾಗಿ ಬಟ್ಟಿನ ತಗಡಿನಿಂದ ಕತ್ತಿನವರೆಗೆ ಮರದ ನಡುವೆ ಸುರಂಗದಂಥ ತೂತು ಇರುತ್ತದೆ. ಹೊರಗಿನಿಂದ ಅದು ಕಾಣುವುದಿಲ್ಲ. ಎಡಬದಿಯಿಂದ ಸ್ಕ್ರೂ ಕೊರೆದರೆ ಅದು ಗಟ್ಟಿ ಮರಕ್ಕೆ ಹೋಗುವ ಬದಲು ಆ ಪೊಳ್ಳಿಗೆ ಹೋಗುತ್ತದೆ. ಮೊದಲ ದಿನ ಬಿಗಿಯಾಗಿಯೇ ಇದ್ದಂತೆ ಕಂಡು, ಭಾರ ಬಿದ್ದಾಗ ಕಿತ್ತು ಬರುತ್ತದೆ. ಕತ್ತಿನ ಹತ್ತಿರವಾದರೆ ಡ್ರಿಲ್ ಬಿಟ್ಟು ನೇರ ಆ ಉಕ್ಕಿನ ಬೋಲ್ಟಿಗೆ ತಾಗುತ್ತದೆ. ಈ ಬಂದೂಕುಗಳಿಗೆ ಚರ್ಮದ ತೋಳು ಬಿಟ್ಟು ಬೇರೆ ದಾರಿ ಬೇಡ.

ಹಂತ 5: ಮುಂದಿನ ಕೊಂಡಿ

ಹಗ್ಗದ ಪರೀಕ್ಷೆಯಲ್ಲಿ ಅಡಿಯ ಕೊಂಡಿಯೇ ಸಾಕು ಎಂದು ಗೊತ್ತಾದವರು ಅದಕ್ಕೆ ಸ್ವಿವೆಲ್ ಹಾಕಿ ಹಂತ 6 ಕ್ಕೆ ಹೋಗಿ.

ಎಡಬದಿಗೇ ಬೇಕು ಎಂದಾದರೆ ಇದು ಅತಿ ಎಚ್ಚರದ ಕೆಲಸ. ಮುಂದಿನ ಮರದ ಪಕ್ಕದ ಗೋಡೆ ತೆಳು. ಮರದ ಸ್ಕ್ರೂ ಇಲ್ಲಿ ಹಿಡಿಯುವುದಿಲ್ಲ, ಇನ್ನೊಂದು ಕಡೆಯಿಂದ ತುದಿ ಚಾಚಿ ನಳಿಗೆಗೆ ತಾಗುತ್ತದೆ. ಮಷೀನ್ ಸ್ಕ್ರೂ ಸ್ಟಡ್ ಮತ್ತು ಒಳಗಿನಿಂದ ಚಪ್ಪಟೆ ನಟ್ಟು ಬೇಕು. ಪ್ಲಾಸ್ಟಿಕ್ ಸ್ಟಾಕಿನದೂ (ಮರದ ಬದಲು ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದು) ಇದೇ ಕಥೆ: ಒಳಗೆ ಪೊಳ್ಳಾಗಿರುವುದರಿಂದ ಮರದ ಸ್ಕ್ರೂ ನಿಲ್ಲದು.

ಇದಕ್ಕೆ ನಳಿಗೆ ಮತ್ತು ರಿಸೀವರನ್ನು ಮರದಿಂದ ಬಿಚ್ಚಬೇಕಾಗುತ್ತದೆ. ಒಂದೇ ತುಂಡಿನ ಮರದ ಬಂದೂಕಿನಲ್ಲಿ ಅಡಿಯ ಎರಡು ಅಥವಾ ಮೂರು ಸ್ಕ್ರೂ ತೆಗೆದರೆ ಬಿಡುತ್ತದೆ. ಮತ್ತೆ ಬಿಗಿಯುವಾಗ ಬಂದೂಕಿನ ಕೈಪಿಡಿಯಲ್ಲಿ ಕೊಟ್ಟ ಬಿಗಿತವನ್ನೇ ಟಾರ್ಕ್ ಸ್ಪ್ಯಾನರಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಹಿಡಿಯಿರಿ. ಲೀ ಎನ್‌ಫೀಲ್ಡ್ ಮಾದರಿಯ ಮುಂದಿನ ಮರವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದರ ಮರ ನಳಿಗೆಗೆ ಒತ್ತುವ ರೀತಿಯೇ ಗುರಿಯನ್ನು ಕಾಯುತ್ತದೆ, ಕೂರಿಸುವುದರಲ್ಲಿ ಕೂದಲೆಳೆ ತಪ್ಪಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಅಂಥವರು ಮುಂದೆಯೂ ಚರ್ಮದ ತೋಳು ಹಾಕಿ, ನಳಿಗೆಯನ್ನೂ ಸೇರಿಸಿ ಸುತ್ತಬಹುದು. ಅಲ್ಲಿ ನೈಲಾನ್ ಬೇಡ, ಚರ್ಮವೇ ಇರಲಿ. ನಳಿಗೆ ಮರಕ್ಕೆ ತಾಗದೆ ತೇಲುವಂತೆ ಮಾಡಿದ ಬಂದೂಕಿಗೆ ಈ ಸುತ್ತು ಹಾಕಲೇಬಾರದು.

ಕೊರೆಯುವ ಕ್ರಮ:

1. ಮರದ ತುದಿಯಿಂದ 6 ರಿಂದ 7 ಸೆಂ.ಮೀ. ಹಿಂದೆ, ಬಟ್ಟಿನ ಕಡೆಯಿಂದ ನೋಡಿದರೆ ಗಡಿಯಾರದ ಒಂಬತ್ತು ಗಂಟೆಗಿಂತ ಕೊಂಚ ಕೆಳಗೆ ಗುರುತು ಹಾಕಿ. ತುದಿಗೆ ಇನ್ನೂ ಹತ್ತಿರ ಹೋದರೆ ಮರ ಎಳೆಯುದ್ದಕ್ಕೆ ಸೀಳುತ್ತದೆ.

2. ಆ ಜಾಗದ ಮೇಲೆ ಕಾಗದದ ಟೇಪು ಅಂಟಿಸಿ, ಮೊಳೆಯ ತುದಿಯಿಂದ ಚುಚ್ಚಿ ಕುಳಿ ಮಾಡಿ. ಡ್ರಿಲ್ ಬಿಟ್ಟು ಜಾರುವುದಿಲ್ಲ, ಪಾಲಿಷ್ ಏಳುವುದಿಲ್ಲ.

3. ವರ್ನಿಯರಿನಲ್ಲಿ ಸ್ಟಡ್ಡಿನ ಸ್ಕ್ರೂ ಅಳೆಯಿರಿ. ಪೇಟೆಯಲ್ಲಿ ಸಿಗುವ ಹೆಚ್ಚಿನ ಮಷೀನ್ ಸ್ಟಡ್ಡುಗಳು 5 ಮಿ.ಮೀ.ಗೆ ಹತ್ತಿರ. ಮೊದಲು 2.5 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಕೊರೆಯಿರಿ, ಆಮೇಲೆ ಸ್ಕ್ರೂ ಬಿಗಿಯಿಲ್ಲದೆ ಹೋಗುವಷ್ಟು ದಪ್ಪದ್ದರಿಂದ. ಒಂದೇ ಸಲಕ್ಕೆ ದೊಡ್ಡ ಬಿಟ್ಟು ಹಾಕಿದರೆ ಒಳಬದಿಯಲ್ಲಿ ಮರ ಚಕ್ಕೆ ಏಳುತ್ತದೆ. ಒಳಗಿನಿಂದ ಗುಂಡನೆಯ ಮರದ ತುಂಡು ಒತ್ತಿ ಹಿಡಿದಿರಿ.

4. ಒಳಗೆ ನಟ್ಟಿಗೆ ಕುಳಿ ಮಾಡಿ. ನಟ್ಟಿನ ಮುಖ ಮರದ ಮಟ್ಟಕ್ಕಿಂತ ಕನಿಷ್ಠ 1 ಮಿ.ಮೀ. ಒಳಗೆ ಇರಬೇಕು. ಸ್ಕ್ರೂ ತುದಿ ನಟ್ಟಿನಿಂದ ಹೊರಗೆ ಚಾಚಿದರೆ ಸ್ಟಡ್ಡನ್ನು ಬಿಚ್ಚಿ ಅರದಿಂದ ಉಜ್ಜಿ ಕಮ್ಮಿ ಮಾಡಿ.

5. ಕೊರೆದ ಮರದ ಒಳಮೈಗೆ ಅಗಸೆ ಎಣ್ಣೆ ಸವರಿ ಒಂದು ರಾತ್ರಿ ಬಿಡಿ. ನಟ್ಟಿನ ಹಲ್ಲಿಗೆ ನೀಲಿ ಬಣ್ಣದ ಥ್ರೆಡ್ ಲಾಕರ್ (ತಿರುಪು ಸಡಿಲಾಗದಂತೆ ಹಿಡಿಯುವ ಅಂಟು) ಒಂದು ಹನಿ ಸಾಕು. ಕೆಂಪು ಹಾಕಿದರೆ ಮುಂದೆ ಬಿಚ್ಚಲು ಬಿಸಿ ಮಾಡಬೇಕಾಗುತ್ತದೆ, ಮರ ಸುಡುತ್ತದೆ.

6. ಸ್ಟಡ್ಡಿನ ಅಡ್ಡ ತೂತು ನಳಿಗೆಗೆ ಅಡ್ಡಲಾಗಿ, ಮೇಲಿಂದ ಕೆಳಗೆ ನಿಲ್ಲುವಂತೆ ಬಿಗಿಯಿರಿ. ಆಗ ಸ್ವಿವೆಲ್ ಹಿಂದೆ ಮುಂದೆ ಆಡುತ್ತದೆ, ಪಟ್ಟಿ ತಿರುಚಿಕೊಳ್ಳುವುದಿಲ್ಲ.

ಜೋಡಿಸಿದ ಮೇಲೆ ಒಂದು ಹತ್ತು ರೂಪಾಯಿ ನೋಟನ್ನು ನಳಿಗೆ ಮತ್ತು ಮರದ ನಡುವೆ ಹಾಕಿ ಹಿಂದಕ್ಕೆ ಎಳೆಯಿರಿ. ತೇಲುವ ನಳಿಗೆಯ ಬಂದೂಕಿನಲ್ಲಿ ಮೊದಲು ಹೋಗುತ್ತಿದ್ದ ಜಾಗದವರೆಗೂ ನೋಟು ತಡೆಯಿಲ್ಲದೆ ಹೋಗಬೇಕು. ಸ್ಟಡ್ಡಿನ ಹತ್ತಿರ ತಡೆದರೆ ನಟ್ಟು ತಾಗುತ್ತಿದೆ. ಹಾಗೇ ಬಿಟ್ಟರೆ ಗುರಿ ತಪ್ಪುತ್ತದೆ, ನೀವು ಸ್ಕೋಪನ್ನು ತಿರುಗಿಸುತ್ತಾ ಕೂರುತ್ತೀರಿ.

ಗುಂಡಿ ಒತ್ತಿ ಹಾಕುವ ಬಟ್ಟಲಿನಂಥ ಕೊಂಡಿ ಬೇಕೆನ್ನುವವರು ಅದನ್ನು ರಿಪೇರಿಯವರಿಂದಲೇ ಕೂರಿಸಿಕೊಳ್ಳಿ. ಪೂರ್ತಿ ಸುತ್ತು ತಿರುಗದ ಬಗೆಯದನ್ನು ಕೇಳಿ ಪಡೆಯಿರಿ. ಬರೀ ತಿರುಗುವುದು ಪಟ್ಟಿಯನ್ನು ಹುರಿ ಹೊಸೆಯುತ್ತದೆ.

ಹಂತ 6: ಪಟ್ಟಿ ಕತ್ತರಿಸಿ ಹೊಲಿಸುವುದು

ಹಗ್ಗದ ಅಳತೆಗೆ 50 ಸೆಂ.ಮೀ. ಸೇರಿಸಿ ಕತ್ತರಿಸಿ. ಎರಡು ತುದಿಯ ಮಡಿಕೆಗೆ ಹತ್ತತ್ತು, ಸ್ಲೈಡರಿನಲ್ಲಿ ಉದ್ದ ಗಿಡ್ಡ ಮಾಡಲು ಮೂವತ್ತು. ಹಗ್ಗ 130 ಬಂದರೆ ಪಟ್ಟಿ 180. ಚಳಿಗಾಲದಲ್ಲಿ ಸ್ವೆಟರ್ ಹಾಕಿಕೊಂಡು ಕಾವಲು ಕಾಯುವವರು ಸ್ವೆಟರ್ ಹಾಕಿಯೇ ಹಗ್ಗ ಅಳೆಯಬೇಕು, ಬನಿಯನ್ನಿನಲ್ಲಿ ಅಳೆದ ಪಟ್ಟಿ ನಂದಿ ಬೆಟ್ಟದ ಕಡೆಯ ಚಳಿಗೆ ಬಿಗಿಯಾಗುತ್ತದೆ. ಕತ್ತರಿಸಿದ ತುದಿಯನ್ನು ಮೇಣದ ಬತ್ತಿಗೆ ಹಿಡಿದು ನಾರು ಕರಗಿಸಿ.

ಹೊಲಿಗೆಗೆ ವಾಹನದ ಸೀಟು ಕವರ್ ಅಥವಾ ಟಾರ್ಪಾಲಿನ್ ಹೊಲಿಯುವವರ ಹತ್ತಿರ ಹೋಗಿ. ಅವರ ಮಷೀನು ದಪ್ಪ ಪಟ್ಟಿಯನ್ನು ನಾಲ್ಕು ಪದರದಲ್ಲೂ ಹೊಲಿಯುತ್ತದೆ. ಚೌಕಾಕಾರ, ಅದರೊಳಗೆ ಗುಣಾಕಾರ ಚಿಹ್ನೆಯಂತೆ ಎರಡು ಓರೆ ಗೆರೆ, ಪಾಲಿಯೆಸ್ಟರ್ ದಾರ, ಚೌಕ 3 ಸೆಂ.ಮೀ.ಗಿಂತ ಚಿಕ್ಕದಿರಬಾರದು. ಒಂದು ಗೆರೆ ಅಡ್ಡ ಹೊಲಿಗೆ ಸಾಕು ಅಂದರೆ ಒಪ್ಪಬೇಡಿ. ಅಡ್ಡ ಗೆರೆಯಲ್ಲಿ ಒಂದು ಕಡೆ ದಾರ ತುಂಡಾದರೆ ಝಿಪ್ಪಿನ ಹಾಗೆ ಪೂರ್ತಿ ಬಿಚ್ಚುತ್ತದೆ.

ಸ್ಲೈಡರ್ ಬರಬೇಕಾದ ಜಾಗ ಎಡ ಎದೆಯ ಮೇಲೆ, ಎಡಗೈಗೆ ನೋಡದೆ ಸಿಗುವ ಹಾಗೆ. ಬೆನ್ನಿಗೆ ಹೋದರೆ ಕೈ ಎಟುಕುವುದಿಲ್ಲ, ಭುಜದ ಮೇಲಾದರೆ ಮೂಳೆಗೆ ಒತ್ತುತ್ತದೆ. ಪಟ್ಟಿಯನ್ನು ಸ್ಲೈಡರಿನ ಮೂರನೇ ಕಡ್ಡಿಗೆ ವಾಪಸ್ ಕೋಯುವುದನ್ನು ಮರೆತರೆ ನಡೆಯುತ್ತಾ ನಡೆಯುತ್ತಾ ಬಂದೂಕು ತಾನಾಗಿ ಕೆಳಗಿಳಿಯುತ್ತದೆ.

ಉಳಿದ ಬಾಲದ ವಿಷಯದಲ್ಲಿ ಉದಾಸೀನ ಬೇಡ. 8 ಸೆಂ.ಮೀ.ಗಿಂತ ಉದ್ದ ಬಿಡಬೇಡಿ, ಎಲಾಸ್ಟಿಕ್ ಉಂಗುರದಲ್ಲಿ ಸಿಕ್ಕಿಸಿ. ಸಡಿಲ ಬಾಲ ಬಳ್ಳಾರಿ ಜಾಲಿಯ ಮುಳ್ಳಿಗೆ ಸಿಕ್ಕುವುದು ಸಣ್ಣ ತೊಂದರೆ. ಅದು ಟ್ರಿಗರಿನ ಕಾಪಿನೊಳಗೆ ನುಸುಳಿ, ಬಂದೂಕನ್ನು ಎಳೆದಾಗ ಟ್ರಿಗರನ್ನೇ ಎಳೆಯುವುದು ದೊಡ್ಡ ಅಪಾಯ. ಪಟ್ಟಿಯ ಯಾವ ಭಾಗವನ್ನು ಹೇಗೆ ಎಳೆದರೂ ಕಾಪಿನೊಳಕ್ಕೆ ಹೋಗದು ಎಂದು ಕೈಯಾರೆ ಎಳೆದು ಖಾತ್ರಿ ಮಾಡಿಕೊಳ್ಳಿ.

ಹಂತ 7: ಭಾರದ ಪರೀಕ್ಷೆ

ಪಟ್ಟಿಯನ್ನು ಬಂದೂಕಿಗೆ ಹಾಕುವ ಮೊದಲು ಅದಕ್ಕೆ 10 ಕೆ.ಜಿ. ರಾಗಿ ಚೀಲ ನೇತುಹಾಕಿ ಒಂದು ಗಂಟೆ ಬಿಡಿ. ಸ್ಲೈಡರಿನ ಹತ್ತಿರ ಪೆನ್ನಿನಲ್ಲಿ ಗೆರೆ ಎಳೆದಿರಿ, ಗೆರೆ ಸರಿದಿದ್ದರೆ ಸ್ಲೈಡರ್ ಜಾರುತ್ತಿದೆ. ನಂತರ ಬಂದೂಕಿನ ಒಂದೊಂದೇ ಕೊಂಡಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ 8 ಕೆ.ಜಿ. ತೋರಿಸುವಷ್ಟು ನಿಧಾನಕ್ಕೆ ಎಳೆಯಿರಿ. ಸ್ಟಡ್ಡಿನ ಬುಡದಲ್ಲಿ ಕೂದಲಿನಂಥ ಗೆರೆ ಕಂಡರೆ ಮರ ಸೀಳಲು ಶುರುವಾಗಿದೆ, ಅಲ್ಲಿಗೆ ನಿಲ್ಲಿಸಿ ರಿಪೇರಿಯವರಿಗೆ ತೋರಿಸಿ.

ಹಂತ 8: ಖಾಲಿ ಬಂದೂಕಿನಲ್ಲಿ ನಡೆದು ನೋಡುವುದು

ಎದೆಗೂ ಬಂದೂಕಿಗೂ ನಡುವೆ ಒಂದು ಮುಷ್ಟಿ ಹಿಡಿಸುವಷ್ಟು ಸಡಿಲ ಇರಲಿ. ಹೊಲದ ಬದು ಹತ್ತಿ ಇಳಿಯಿರಿ, ಕುಕ್ಕರಗಾಲಲ್ಲಿ ಕೂರಿ, ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳಿ. 24 ಅಂಗುಲಕ್ಕಿಂತ ಉದ್ದದ ನಳಿಗೆ ಕೂತಾಗ ನೆಲಕ್ಕೆ ತಾಗಿಯೇ ತಾಗುತ್ತದೆ. ಕೂರುವ ಮೊದಲೇ ಎಡಗೈಯಿಂದ ಅದನ್ನು ಹೊರಕ್ಕೆ ಸರಿಸುವ ರೂಢಿ ಬೆಳೆಸಿಕೊಳ್ಳಿ. ತುದಿಯಲ್ಲಿ ಮಣ್ಣು ತುಂಬಿದ ನಳಿಗೆಯಲ್ಲಿ ಗುಂಡು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ನೆಲಕ್ಕೆ ತಾಗಿತು ಎನ್ನುವ ಅನುಮಾನ ಬಂದರೂ ಸಾಕು, ಖಾಲಿ ಮಾಡಿ ಬೋಲ್ಟ್ ತೆಗೆದು ಹಿಂದಿನಿಂದ ನಳಿಗೆಯಲ್ಲಿ ಬೆಳಕು ನೋಡಿ.

ಹತ್ತು ನಿಮಿಷ ನಡೆದ ಮೇಲೆ ಈ ನಾಲ್ಕನ್ನು ಗಮನಿಸಿ.

ಸೇಫ್ಟಿ (ಗುಂಡು ಹಾರದಂತೆ ತಡೆಯುವ ಬೀಗ) ಎಲ್ಲಿದೆ? ಲೀ ಎನ್‌ಫೀಲ್ಡ್ ಮಾದರಿಯಲ್ಲಿ ಸೇಫ್ಟಿಯ ಕಡ್ಡಿ ಎಡಬದಿಗಿದೆ, ಎದೆಪಟ್ಟಿಯಲ್ಲಿ ಅದೇ ಬದಿ ಮೈಗೆ ಉಜ್ಜುತ್ತದೆ. ಇಟ್ಟ ಜಾಗದಿಂದ ಅದು ಸರಿದಿದ್ದರೆ ಬೆಲ್ಟಿನ ಬಕಲ್ಲೋ ಜೇಬಿನ ಮೊಬೈಲೋ ತಳ್ಳುತ್ತಿದೆ.

ಬೋಲ್ಟಿನ ಹಿಡಿ ಮೇಲೆದ್ದಿದೆಯೇ? ಹೊರಮುಖವಾಗಿರುವುದರಿಂದ ಪೊದೆಗೆ ಸಿಕ್ಕಿ ಏಳಬಹುದು. ಗುಟ್ಟೆಗಳ ಬಂಡೆ ಸಂದಿನಲ್ಲಿ ಪಕ್ಕಕ್ಕೆ ತಿರುಗಿ ನುಸುಳುವಾಗ ಹೀಗಾಗುವುದು ಹೆಚ್ಚು.

ಮ್ಯಾಗಜೀನ್ ಕೂತಲ್ಲೇ ಇದೆಯೇ? ಸೊಂಟದ ಬೆಲ್ಟು ಅದರ ಗುಂಡಿಯನ್ನು ಒತ್ತಿದರೆ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಸ್ವಿವೆಲಿನ ತಿರುಪು ಸಡಿಲಾಗಿದೆಯೇ?

ಮೊದಲ ಎರಡರಲ್ಲಿ ಒಂದು ಆದರೂ ಪಟ್ಟಿಯ ಉದ್ದ ಅಥವಾ ಹಿಂದಿನ ತೋಳಿನ ಜಾಗ ಬದಲಾಯಿಸಿ. ಇದೇ ಕಾರಣಕ್ಕೆ ನಾವು ಒತ್ತಿ ಹೇಳುವುದು: ಎದೆಪಟ್ಟಿಯಲ್ಲಿ ನಡೆಯುವಾಗ ಚೇಂಬರ್ ಖಾಲಿ ಇರಲಿ. ಸೇಫ್ಟಿಯನ್ನು ನಂಬಿ ಚೇಂಬರಿನಲ್ಲಿ ತೋಟಾ ಇಟ್ಟುಕೊಂಡು ಹೊಲದಲ್ಲಿ ನಡೆಯುವ ರೂಢಿ ಬೇಡ. ನಳಿಗೆಯ ತುದಿ ಇರುವುದು ನಿಮ್ಮದೇ ಕಾಲಿನ ಪಕ್ಕ. ಮುಳ್ಳುತಂತಿ ಬೇಲಿ ದಾಟುವಾಗ ಪಟ್ಟಿ ತೆಗೆದು, ಬಂದೂಕನ್ನು ಮೊದಲು ಆಚೆ ನೆಲಕ್ಕೆ ಮಲಗಿಸಿ, ಆಮೇಲೆ ನೀವು ದಾಟಿ.

ರೇಂಜಿನಲ್ಲಿ ಒಂದು ಸಲ

ಪಟ್ಟಿ ಸಡಿಲ ಬಿಟ್ಟು ಮೂರು ಗುಂಡು, ಅದೇ ಗುರಿಗೆ ಪಟ್ಟಿಯನ್ನು ಎಡ ತೋಳಿಗೆ ಬಿಗಿದು ಮೂರು ಗುಂಡು. ಎರಡು ಗುಂಪು ಬೇರೆ ಬೇರೆ ಕಡೆ ಬಿದ್ದರೆ ಪಟ್ಟಿಯ ಎಳೆತಕ್ಕೆ ಮುಂದಿನ ಮರ ಬಾಗಿ ನಳಿಗೆಗೆ ತಾಗುತ್ತಿದೆ. ತೆಳು ಪ್ಲಾಸ್ಟಿಕ್ ಸ್ಟಾಕಿನಲ್ಲಿ ಇದು ಸಾಮಾನ್ಯ. ಪಟ್ಟಿಯನ್ನು ಹೊರಲು ಮಾತ್ರ ಬಳಸಿ, ಗುರಿ ಹಿಡಿಯುವಾಗ ಸಡಿಲ ಬಿಡಿ.

ಆಮೇಲಿನ ಆರೈಕೆ

ಕೋಲಾರ, ಚಿಕ್ಕಬಳ್ಳಾಪುರದ ಕೆಮ್ಮಣ್ಣಿನ ದೂಳು ಸ್ವಿವೆಲಿನ ಸಂದಿಗೆ ಸೇರಿದರೆ ಅರದಂತೆ ಕಬ್ಬಿಣವನ್ನು ತಿನ್ನುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಒಂದೇ ಹನಿ ಎಣ್ಣೆ ಬಿಟ್ಟು ಒರೆಸಿ. ಎಣ್ಣೆ ಹೆಚ್ಚಾದರೆ ದೂಳು ಇನ್ನಷ್ಟು ಹಿಡಿಯುತ್ತದೆ. ಪಟ್ಟಿಯನ್ನು ಬರೀ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಸ್ವಿವೆಲಿನೊಳಗೆ ಮಡಚಿಕೊಂಡ ಭಾಗವನ್ನು ತಿಂಗಳಿಗೊಮ್ಮೆ ಬಿಡಿಸಿ ನೋಡಿ. ಅಂಚಿನ ನಾರು ಎದ್ದು ಉಣ್ಣೆಯಂತಾಗಿದ್ದರೆ ಪಟ್ಟಿ ಬದಲಾಯಿಸುವ ಕಾಲ ಬಂದಿದೆ.

ಮನೆಗೆ ಬಂದ ಮೇಲೆ ಬಂದೂಕನ್ನು ಪಟ್ಟಿಯಿಂದ ಗೋಡೆಯ ಮೊಳೆಗೆ ನೇತುಹಾಕಬೇಡಿ, ಮಕ್ಕಳ ಕೈಗೆ ಎಳೆಯಲು ಸಿಗುವುದು ಆ ಪಟ್ಟಿಯೇ. ಬಂದೂಕು ಬೀಗದೊಳಗೆ, ಬೋಲ್ಟ್ ಬೇರೆ ಕಡೆ, ತೋಟಾ ಮತ್ತೊಂದು ಕಡೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಲು ಹೇಳಿದರೆ ಪಟ್ಟಿಯನ್ನೂ ತೋಳನ್ನೂ ಬಿಚ್ಚಿ ಮನೆಯಲ್ಲೇ ಇಟ್ಟು, ಬಂದೂಕನ್ನು ಮಾತ್ರ ಕೊಟ್ಟು ರಸೀದಿ ಪಡೆಯಿರಿ. ಬಿಚ್ಚುವ ಮುನ್ನ ಸ್ಲೈಡರ್ ನಿಂತ ಜಾಗದಲ್ಲಿ ಪಟ್ಟಿಗೆ ಬಣ್ಣದ ದಾರದಲ್ಲಿ ಒಂದು ಹೊಲಿಗೆ ಹಾಕಿದರೆ, ವಾಪಸ್ ತಂದ ದಿನ ಮತ್ತೆ ಅಳೆಯುವ ಕೆಲಸವಿರುವುದಿಲ್ಲ.